ಕಲ್ಲವ್ವನ ಕಣ್ಣಳತೆ

ಕಲ್ಲವ್ವ ಅಂತ ಒಬ್ಬಾಕೆ ಇದ್ದಳು. ಹಳೆ ಬಟ್ಟೆಯ ತುಂಡು ಸೇರಿಸಿ ಕೌದಿ ಹೊಲಿಯೋದು ಅವಳ ಕಸುಬು. ಅವಳಿಗೆ ದ್ಯಾಮಣ್ಣ ಅಂತ ಒಬ್ಬನೇ ಮಗ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನು ಮಾಡುತ್ತಿದ್ದ, ಹೇಳಿದಂಗೇ ಮಾಡುತ್ತಿದ್ದ. ಅದೇ ಅವಳ ಗೋಳು.

ಒಂದು ದಿನ ಅವ್ವನ ಕನ್ನಡಕದ ಮೇಲೆ ಕೂತುಬಿಟ್ಟ. ಪುಡಿಪುಡಿ! ಮಗಳ ಕೂಸಿಗೆ ತೊಟ್ಟಿಲು ಹಾಕಲು ಎಂಟೇ ದಿನ. ಕನ್ನಡಕ ಇಲ್ಲದೆ ಅವಳಿಗೆ ಹತ್ತಿರದ್ದು ಕಾಣದು; ಕೂಸಿನ ಕೌದಿ ಅರ್ಧಕ್ಕೆ ನಿಂತಿತು. ಕಲ್ಲವ್ವ ಪೇಟೆಯ ಕನ್ನಡಕದ ಅಂಗಡಿಗೆ ಫೋನು ಹಚ್ಚಿದಳು.

"ನಿಮ್ಮ ಕನ್ನಡಕದ ನಂಬರು ನಮ್ಮ ಹತ್ರ ಐತಿ ಅಮ್ಮಾ. ಎರಡು ಕಣ್ಣಿನ ಪಾಪೆಗಳ ನಡುವೆ ಎಷ್ಟು ಮಿಲಿಮೀಟರು ಅಂತ ಮನ್ಯಾಗ ಅಳೆದು ಇವತ್ತೇ ಹೇಳ್ರಿ" ಅಂದ ಅಂಗಡಿಯವ.

"ದ್ಯಾಮ್ಯಾ, ಸ್ಕೇಲ್ ತಗೊಂಡು ಕಣ್ಣಿನ ಅಳತಿ ತಗಿ!"

ದ್ಯಾಮಣ್ಣ ಕನ್ನಡಿ ಮುಂದೆ ನಿಂತು ತನ್ನ ಕಣ್ಣು ಅಳೆದುಕೊಂಡ.

"ನಿಂದ್ಯಾಕೋ ಮೂಳಾ! ನನ್ನ ಕಣ್ಣಿಂದ ಅಳಿ! ಕಣ್ಣು ಅಲುಗದಂಗ ನಾ ದೂರ ಆ ನೀರಿನ ಟಾಕಿ ನೋಡ್ಕೋತ ಕೂಡ್ತೀನಿ."

"ಆತು ಯವ್ವಾ."

ಅವ್ವನ ಕಣ್ಣ ಹತ್ತಿರ ಸ್ಕೇಲಿಟ್ಟ. ತೆಗೆದ, ಮುಂದಿಟ್ಟ. ತೆಗೆದ, ಮುಂದಿಟ್ಟ. ಹೊಸ್ತಿಲು ದಾಟಿದ, ಓಣಿ ದಾಟಿದ, ಟಾಕಿ ಮುಟ್ಟಿದ. ಬೆವರು ಒರೆಸಿಕೊಳ್ಳುತ್ತ ಓಡಿಬಂದ.

"ಯವ್ವಾ, ನಿನ್ನ ಕಣ್ಣಿಂದ ಟಾಕಿಗೆ ಮುನ್ನೂರಾ ಹನ್ನೊಂದು ಸ್ಕೇಲು!"

ಕಲ್ಲವ್ವನಿಗೆ ಸಿಟ್ಟು ನೆತ್ತಿಗೇರಿತು. "ನಿನ್ನ ಬಾಯಾಗ ಮಣ್ಣು ಹಾಕ! ಈ ಕಣ್ಣಿಂದ ಈ ಕಣ್ಣಿಗೆ! ಅಳೆಯೂಮುಂದ ನನ್ನ ತಲಿ ಒಂದೀಟೂ ಅಲುಗಬಾರದು, ನೆನಪಿಡು!"

ನೆನಪಿಟ್ಟ. ಹಗ್ಗ ತಂದ. ಅವ್ವನ ಹಣೆಗೆ ಸುತ್ತಿ, ಅವಳ ಬೆನ್ನಿಗಿದ್ದ ಕಂಬಕ್ಕೆ ಸೇರಿಸಿ, ಹಿಂದೆ ಗಂಟು ಬಿಗಿದ.

"ಏನೋ ಇದು! ಏ ದ್ಯಾಮ್ಯಾ!"

"ಅಲುಗಬ್ಯಾಡ ಯವ್ವಾ!" ಅಳೆದ. "ಅರವತ್ತೆರಡು!" ಅಂಗಡಿಗೆ ಫೋನು ಮಾಡಿ ಅಷ್ಟನ್ನೇ ಹೇಳಿದ. ಅದೊಂದು ಸರಿಹೋಯಿತು.

ಆದರೆ ಹಗ್ಗ ಅವಳ ಹಣೆಗೆ ಕೊರೆಯುತ್ತಿತ್ತು, ಕೈಗೆ ಗಂಟು ಎಟುಕುತ್ತಿರಲಿಲ್ಲ. "ಲಗೂನ ಗಂಟು ಬಿಚ್ಚೋ!" ಅಂತ ಚೀರಿದಳು.

ಮೂಲೆಯಲ್ಲಿ ಕೌದಿ ಬಟ್ಟೆಯ ಗಂಟು ಇತ್ತು. ಬಣ್ಣಬಣ್ಣಕ್ಕೆ ಬೇರೆ ಮಾಡಿ, ತುಂಡು ತುಂಡು ಜೋಡಿಸಿ, ಮೂರು ದಿನ ಕೂತು ಕಟ್ಟಿದ್ದು. ದ್ಯಾಮಣ್ಣ ಅದನ್ನು ಬಿಚ್ಚಿ ಕೊಡವಿದ. ಮನೆ ತುಂಬ ಚಿಂದಿ!

"ಬಿಚ್ಚೀನಿ ಯವ್ವಾ!"

ಕಲ್ಲವ್ವನ ಮೈಯೆಲ್ಲ ಉರಿಯಿತು, ಕಣ್ಣಲ್ಲಿ ನೀರೇ ಬಂತು. "ನಿನ್ನ ಹೆತ್ತ ಹೊಟ್ಟಿಗೆ ಬೆಂಕಿ ಬೀಳ್ಲಿ! ಇನ್ನ ನನ್ನ ಕಣ್ಣಿಗೆ ಕಾಣಿಸ್ಕೋಬ್ಯಾಡ!"

ದ್ಯಾಮಣ್ಣ ಯೋಚಿಸಿದ. ಬಾಗಿಲಿಗೆ ಹೋದ; ಅಲ್ಲಿ ಅವ್ವನಿಗೆ ಚೆನ್ನಾಗೇ ಕಂಡ. ಓಣಿಗೆ ಇಳಿದ, ಅಲ್ಲೂ ಕಂಡ. ತಿರುಗಿ ಬಂದವನೇ ಅವ್ವನ ಮೂಗಿಗೆ ತನ್ನ ಮೂಗು ತಾಗಿಸಿ ನಿಂತ.

"ಹತ್ತಿರದ್ದು ನಿನಗ ಕಾಣಂಗಿಲ್ಲಲ್ಲ ಯವ್ವಾ. ಇಲ್ಲೇ ಇರ್ತೀನಿ, ಚಿಂತಿ ಮಾಡಬ್ಯಾಡ."

ಕಲ್ಲವ್ವ ಎರಡೂ ಕೈ ಎತ್ತಿ ಅವನ ಕಿವಿ ಹಿಡಿದು ಹಿಂಡಿದಳು, ಹಿಂಡಿಯೇ ಹಿಂಡಿದಳು.

ದ್ಯಾಮಣ್ಣ ಬೆರಗಾಗಿ ಕೂಗಿದ: "ಕಾಣದಿದ್ರ ಕಿವಿ ಹೆಂಗ ಸಿಕ್ಕುವು ಯವ್ವಾ? ಅಯ್ಯಯ್ಯೋ, ಅಳತಿ ತಪ್ಪೇತಿ! ನಿನಗ ಕನ್ನಡಕಾನ ಬೇಕಾಗಿಲ್ಲ! ತಡಿ, ಅಂಗಡಿಯವಗ ಬ್ಯಾಡ ಅಂತ ಹೇಳಿಬಿಡ್ತೀನಿ!"