ಕೆಳಗೆ ಬಿದ್ದ ಗುಂಡುಗಳು

ಫೆಬ್ರವರಿ ಹದಿನೇಳು. ತೆಳು ಮೋಡ. ಗಾಳಿ ಇರಲಿಲ್ಲ.

ಹೊಳೆದಂಡೆಯ ಶೂಟಿಂಗ್ ರೇಂಜಿನಲ್ಲಿ ಬೊಳ್ಳಮ್ಮ ತನ್ನ ರೈಫಲನ್ನು ಚೀಲಕ್ಕೆ ಹಾಕುತ್ತಿದ್ದಳು. ಭಾನುವಾರ ರಾಜ್ಯ ತಂಡದ ಆಯ್ಕೆ.

"ನಾನು ಹೋಗಲ್ಲ ಸರ್. ಹತ್ತಕ್ಕೆ ಮೂರು ಗುಂಡು ಗುರಿಗಿಂತ ಕೆಳಗೇ ಬೀಳ್ತವೆ. ನನ್ನ ಕೈ ಸರಿಯಿಲ್ಲ. ಇನ್ನು ರೈಫಲ್ ಮುಟ್ಟಲ್ಲ."

ಅವಳ ಗುರು ಉತ್ತಯ್ಯ ಜೀಪಿನಿಂದ ಒಂದು ಯಂತ್ರ ತಂದು, ಗುಂಡು ಹಾಯುವ ದಾರಿಯ ಕೆಳಗೆ ಮುಕ್ಕಾಲಿಯ ಮೇಲೆ ನಿಲ್ಲಿಸಿದರು. ಕ್ರೋನೋಗ್ರಾಫ್. ತನ್ನ ಮೇಲೆ ಹಾದುಹೋಗುವ ಗುಂಡಿನ ವೇಗ ಹೇಳುವಂಥದ್ದು.

"ಅದು ಕೈ ಅಳೆಯುತ್ತಾ ಸರ್?"

"ಇಲ್ಲ. ಅದಕ್ಕೇ ತಂದೆ. ಹೊಡಿ. ಎಲ್ಲಿ ಬಿತ್ತು ಅಂತ ಹೇಳು."

ಅವಳು ರೈಫಲನ್ನು ಮತ್ತೆ ತೆಗೆದು, ಮಲಗಿ ಹೊಡೆದು, ದುರ್ಬೀನಿನಲ್ಲಿ ನೋಡಿದಳು.

"ನಡುವೆ."

"ಸೆಕೆಂಡಿಗೆ ಮುನ್ನೂರ ಇಪ್ಪತ್ತಾರು ಮೀಟರ್." ಉತ್ತಯ್ಯ ಯಂತ್ರದ ಅಂಕಿ ಓದಿದರು.

"ನಡುವೆ."

"ಮುನ್ನೂರ ಇಪ್ಪತ್ತೈದು."

"ಕೆಳಗೆ. ನೋಡಿದ್ರಾ?"

"ಮುನ್ನೂರ ಐದು."

"ಮತ್ತೆ ಕೆಳಗೆ."

"ಮುನ್ನೂರ ನಾಲ್ಕು."

ಬೊಳ್ಳಮ್ಮ ತಲೆ ಎತ್ತಿದಳು. "ಕೆಳಗೆ ಬಿದ್ದವೆರಡೂ ನಿಧಾನದವು."

"ನಿನ್ನ ಕೈ ಗುಂಡನ್ನು ನಿಧಾನ ಮಾಡುತ್ತಾ?"

"ಇಲ್ಲ." ಅವಳು ತೋಟಾಗಳ ಡಬ್ಬಿಯತ್ತ ನೋಡಿದಳು. "ತೋಟಾಗಳೇ ಸರಿಯಿಲ್ಲ."

"ಪಾಪ, ಆ ಕೈಗೆ ಎಷ್ಟು ಬೈದಿದ್ದೀಯ."

ಉತ್ತಯ್ಯ ಬೇರೆ ತೋಟಾಗಳ ಡಬ್ಬಿ ಕೊಟ್ಟರು. ಅವಳು ಆತುರದಲ್ಲಿ ಮೊದಲಿಗಿಂತ ತಗ್ಗಾಗಿ ಮಲಗಿ ಗುರಿಯಿಟ್ಟಳು. ಗುಂಡು ಯಂತ್ರದ ಎದೆಗೇ ಹೊಕ್ಕಿತು. ಅಂಕಿ ತೋರುವ ಗಾಜು ಪುಡಿಯಾಯಿತು.

"ಕಣ್ಣಿಗೆ ದಾರಿ ಖಾಲಿ ಕಾಣ್ತಿತ್ತು ಸರ್."

"ಕಣ್ಣು ಮೇಲಿರುತ್ತೆ, ರೈಫಲಿನ ನಳಿಗೆ ಕೆಳಗಿರುತ್ತೆ. ಇಂಥ ಯಂತ್ರದ ಮುಂದೆ ಮಲಗಿದವರೆಲ್ಲ ಒಂದು ಸಲ ಹೀಗೆ ಹೊಡೀತಾರೆ. ನಾನು ಎರಡು ಸಲ ಹೊಡೆದಿದ್ದೆ."

ಅವರು ಯಂತ್ರವನ್ನು ಎತ್ತಿ ಪಕ್ಕಕ್ಕಿಟ್ಟರು. "ಈಗ ಹೊಡಿ."

"ವೇಗ ಯಾರು ಹೇಳ್ತಾರೆ?"

"ಇನ್ನು ಅದು ಬೇಡ. ಗುರಿಯ ಕಾಗದ ನೋಡಿದರೆ ಸಾಕು."

ಡಬ್ಬಿ ಮುಗಿಯುವವರೆಗೂ ಅವಳು ಹೊಡೆದಳು. ಒಂದೂ ಕೆಳಗೆ ಬೀಳಲಿಲ್ಲ.

ಹೊರಡುವಾಗ ಒಡೆದ ಯಂತ್ರವನ್ನು ಅವಳೇ ಹೊತ್ತು ಜೀಪಿಗೆ ತಂದಳು.

"ಭಾನುವಾರ ಎಷ್ಟು ಹೊತ್ತಿಗೆ ಹೊರಡೋದು ಸರ್?"

"ಬೆಳಿಗ್ಗೆ ಐದಕ್ಕೆ."

"ಇದನ್ನ ನಾನು ಹೇಗಾದರೂ ತುಂಬಿಕೊಡ್ತೀನಿ."

"ಅದು ನಿನ್ನಿಂದ ಆಗೋದಲ್ಲ."

"ಅಂಥದ್ದೇನು ಕೊಟ್ಟಿರಿ ಇದಕ್ಕೆ?"

ಉತ್ತಯ್ಯ ಜೀಪಿನ ಬಾಗಿಲು ಹಾಕಿದರು.

"ನನ್ನ ರೈಫಲ್ ಮಾರಿ ತಂದದ್ದು. ಭಾನುವಾರ ನಿನ್ನದನ್ನು ಮನೇಲಿ ಮರೆತು ಬರಬೇಡ."