ನಿದ್ದೆಗೆಟ್ಟ ಗಾಣಿಗ, ಹಗಲು ಬಂದ ಲಕ್ಷ್ಮಿ

ಒಂದಾನೊಂದು ಊರಿತ್ತಂತೆ. ಊರಿಗೆ ಹೆಸರೂ ಇತ್ತು, ಆದರೆ ಕತೆ ಹೇಳಿದ ಮುದುಕಿಗೆ ಅದು ಮರೆತುಹೋಗಿತ್ತು. ಮರೆತರೆ ಮರೆಯಲಿ, ಹೆಸರಿನಿಂದ ಎಣ್ಣೆ ಬರುವುದಿಲ್ಲವಲ್ಲ. ಆ ಊರಿನಲ್ಲಿ ಮಲಕಾಜಪ್ಪ ಅನ್ನುವ ಗಾಣಿಗನಿದ್ದನಂತೆ, ಅವನಿಗೆ ಸಾತವ್ವ ಅನ್ನುವ ಹೆಂಡತಿ ಇದ್ದಳಂತೆ. ಅವರಿಗೊಂದು ಗಾಣ, ಗಾಣಕ್ಕೊಂದು ಎತ್ತು. ಎತ್ತಿನ ಹೆಸರು ಹಂಡ. ಸಾತವ್ವ ಮದುವೆಯಾಗಿ ಬರುವಾಗ ತವರಿನವರು ಕೊಟ್ಟ ಕರು ಅದು. ಅವಳ ಸೆರಗು ಹಿಡಿದ ಮಗುವಿನ ಹಾಗೆ ಹಿಂದೆ ಹಿಂದೆಯೇ ನಡೆದು ಬಂದಿತ್ತಂತೆ. ಹಂಡನ ಮೈ ಸವರಿದರೆ ಸಾತವ್ವನಿಗೆ ತನ್ನ ಅವ್ವನ ಅಂಗಳ ನೆನಪಾಗುತ್ತಿತ್ತು.

ಹಗಲೆಲ್ಲ ಗಾಣ ತಿರುಗುತ್ತಿತ್ತು, ಎಣ್ಣೆ ಇಳಿಯುತ್ತಿತ್ತು. ಎಣ್ಣೆ ಮಾರಿದರೆ ಜೋಳ ಬರುತ್ತಿತ್ತು, ಹಿಂಡಿ ಮಾರಿದರೆ ಬೆಲ್ಲ ಬರುತ್ತಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಿ ಇಬ್ಬರೂ ಸುಖವಾಗಿದ್ದರಂತೆ. ಸುಖವಾಗಿದ್ದವರನ್ನು ಹಾಗೆಯೇ ಇರಗೊಟ್ಟರೆ ಕತೆ ಹುಟ್ಟುವುದು ಹೇಗೆ?

ಒಂದು ಸಲ ಶೀಗೆ ಹುಣ್ಣಿಮೆಯ ದಿನ ಒಬ್ಬ ದಾಸಯ್ಯ ಭಿಕ್ಷೆಗೆ ಬಂದ. ಒಂದು ಪಾವು ಎಣ್ಣೆ ಹಾಕಿಸಿಕೊಂಡ, ಹಾಕಿದ್ದಕ್ಕೆ ಒಂದು ಮಾತು ಹೇಳಿಹೋದ. ಈ ಹುಣ್ಣಿಮೆಯ ರಾತ್ರಿ ಲಕ್ಷ್ಮಿ ಊರೂರು ತಿರುಗುತ್ತಾಳೆ, ಬಾಗಿಲು ಬಾಗಿಲಿಗೆ ನಿಂತು "ಯಾರು ಎಚ್ಚರ ಅದೀರಿ?" ಅಂತ ಕೇಳುತ್ತಾಳೆ, ಎಚ್ಚರ ಇದ್ದವರ ಮನೆಗೆ ಒಲಿಯುತ್ತಾಳೆ ಅಂದನಂತೆ. ಮಲಕಾಜಪ್ಪ ಆ ರಾತ್ರಿ ದೀಪ ಹಚ್ಚಿಟ್ಟು ಕಣ್ಣು ಮುಚ್ಚದೆ ಕೂತ. ಬೆಳಗಾಗುವುದರೊಳಗೆ ದಾರಿಹೋಕ ವ್ಯಾಪಾರಿಯೊಬ್ಬ ಬಂದು, ಕೇಳಿದ ಬೆಲೆ ಕೊಟ್ಟು, ಎರಡು ಕೊಡ ಎಣ್ಣೆ ಗಾಡಿಗೆ ಹೇರಿಕೊಂಡು ಹೋದನಂತೆ.

ಅಷ್ಟೇ ಸಾಕಾಯಿತು. ಒಂದು ರಾತ್ರಿ ಎಚ್ಚರ ಇದ್ದದ್ದಕ್ಕೆ ಎರಡು ಕೊಡ ಹೋದರೆ, ದಿನಾ ರಾತ್ರಿ ಎಚ್ಚರ ಇದ್ದರೆ ಎಷ್ಟು ಕೊಡ ಹೋದಾವು? ಊರಿನವರೆಲ್ಲ ವರುಷಕ್ಕೊಂದು ರಾತ್ರಿ ಜಾಗರಣೆ ಮಾಡಿ ಸುಮ್ಮನಾದರು. ನಮ್ಮ ಮಲಕಾಜಪ್ಪ ಮಾತ್ರ ದಿನಾ ಜಾಗರಣೆಗೆ ಕೂತ.

ಲಕ್ಷ್ಮಿ ಕತ್ತಲಲ್ಲಿ ಎಡವಬಾರದಲ್ಲ, ಅದಕ್ಕೆ ಪಡಸಾಲೆಗೊಂದು ದೀಪ, ಕಟ್ಟೆಗೊಂದು ದೀಪ, ಹಂಡನ ಕೊಟ್ಟಿಗೆಗೊಂದು ದೀಪ. ಒಬ್ಬನೇ ಕೂತರೆ ತೂಕಡಿಕೆ ಬರುತ್ತದೆ, ಅದಕ್ಕೆ ನೆರೆಯವರನ್ನು ಕರೆದು ಪಗಡೆ ಹಾಸಿದ. ನೆರೆಯವರು ಬರಿಗೈಲಿ ಬಂದರು, ಬರಿಹೊಟ್ಟೆಯಲ್ಲೂ ಬಂದರು. ಅವರಿಗೆ ಹುರಿದ ಶೇಂಗಾ ಬೇಕು, ಬೆಲ್ಲ ಬೇಕು, ನಡುರಾತ್ರಿಗೆ ಒಗ್ಗರಣೆ ಹಾಕಿದ ಚುರಮುರಿ ಬೇಕು. ಒಲೆಯ ಮುಂದೆ ಸಾತವ್ವ. ಎಣ್ಣೆ ಉರಿಯಿತು, ಬತ್ತಿ ಉರಿಯಿತು, ಗಾಣಿಗನ ಕಣ್ಣೂ ಉರಿಯಿತು.

ಹಗಲಾದರೆ ಮಲಕಾಜಪ್ಪ ಗಾಣದ ಹಲಗೆಯ ಮೇಲೆ ಕೂತು ಗೊರಕೆ ಹೊಡೆಯುತ್ತಿದ್ದನಂತೆ. ಹಂಡ ಜಾಣ ಎತ್ತು. ಗೊರಕೆ ಕಿವಿಗೆ ಬಿದ್ದ ಕೂಡಲೆ ನಿಂತುಬಿಡುತ್ತಿತ್ತು, ಪಗಡೆಯ ಗದ್ದಲದಲ್ಲಿ ರಾತ್ರಿ ಅದಕ್ಕೂ ನಿದ್ದೆಯಿಲ್ಲ, ನಿಂತಲ್ಲೇ ತೂಗುತ್ತಿತ್ತು. ಎಣ್ಣೆ ಕೊಳ್ಳಲು ಬಂದವರು ಕರೆದು ಕರೆದು ಬೇಸತ್ತು ಪಕ್ಕದ ಊರಿಗೆ ಹೋಗುತ್ತಿದ್ದರು. ಕೆಲವರು ತಾವೇ ಅಳೆದುಕೊಂಡು ಹೋಗುತ್ತಿದ್ದರು, ಅವರ ಅಳತೆ ಹೇಗಿತ್ತು ಅಂತ ಕೇಳಬೇಡಿ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ ಅನ್ನುವ ಗಾದೆ ಇಂಥವನನ್ನು ನೋಡಿಯೇ ಹುಟ್ಟಿರಬೇಕು.

ಸಾತವ್ವ ಹೇಳಿ ನೋಡಿದಳು. ಮನೆಯ ಎಣ್ಣೆ ಮನೆಯಲ್ಲೇ ಸುಟ್ಟುಹೋಗುತ್ತಿದೆ, ಜೋಳದ ಗಡಿಗೆಯ ತಳ ಕಾಣುತ್ತಿದೆ ಅಂದಳು. ಲಕ್ಷ್ಮಿ ಬರುವವಳಿದ್ದಾಳೆ, ಬಂದ ಮೇಲೆ ಗಡಿಗೆಯೇ ಸಾಲದು ಅಂದ ಗಂಡ. ಅವನು ಕೆಟ್ಟವನಲ್ಲ. ಹೆಂಡತಿಯ ಸೊಂಟಕ್ಕೆ ಬೆಳ್ಳಿಯ ಡಾಬು ಮಾಡಿಸುವ ಆಸೆ ಅವನಿಗೆ ಬಹಳ ದಿನದ್ದು, ಅದಕ್ಕೇ ಈ ಪಾಡು. ಅದು ಗೊತ್ತಿದ್ದುದರಿಂದಲೇ ಸಾತವ್ವನಿಗೆ ಬೈಯಲೂ ಬಾಯಿ ಬರುತ್ತಿರಲಿಲ್ಲ.

ಹೀಗಿರುತ್ತಾ ಊರ ಗೌಡರ ಮಗನಿಗೆ ಹೆಣ್ಣು ಗೊತ್ತಾಯಿತು. ನಿಶ್ಚಯದ ಊಟಕ್ಕೆ ಎಣ್ಣೆ ಬೇಕು ಅಂತ ಆಳು ಬಂದ. ಈಗ ಒಂದು ಮಾತು ಕೇಳಿ. ಗಾಣಿಗರ ಮನೆಯಲ್ಲಿ ಅಡಿಗೆಯ ಕುಸುಬಿ ಎಣ್ಣೆಯ ಕೊಡ, ಗಾಡಿಯ ಅಚ್ಚಿಗೆ ಹಾಕುವ, ಹರಳೆಣ್ಣೆ ಅನ್ನುತ್ತಾರಲ್ಲ ಆ ಔಡಲೆಣ್ಣೆಯ ಕೊಡ ಎರಡೂ ಒಂದೇ ಅಚ್ಚಿನವು. ಗುರುತು ತಪ್ಪಬಾರದೆಂದು ಔಡಲೆಣ್ಣೆಯ ಕೊಡದ ಕೊರಳಿಗೆ ಕರಿ ದಾರ ಕಟ್ಟುವುದು ಅಜ್ಜನ ಕಾಲದ ರೂಢಿ. ಮಲಕಾಜಪ್ಪ ಆ ದಿನ ದಾರ ಕೈಯಲ್ಲಿ ಹಿಡಿದುಕೊಂಡೇ ನಿದ್ದೆಹೋಗಿದ್ದ. ಎದ್ದವನು ಕಣ್ಣು ತಿಕ್ಕಿಕೊಂಡು ಔಡಲೆಣ್ಣೆಯ ಕೊಡವನ್ನೇ ಎತ್ತಿಕೊಟ್ಟ.

ಗೌಡರ ಮನೆಯ ಅಡಿಗೆಯವಳಿಗೆ ನೆಗಡಿ, ಮೂಗು ಕಟ್ಟಿತ್ತು. ಅದೇ ಎಣ್ಣೆಯಲ್ಲಿ ಕಡಬು ಕರಿದಳು, ಬಜ್ಜಿ ಕರಿದಳು. ಬೀಗರು ಮರ್ಯಾದೆಯವರು, ವಾಸನೆ ಬಂದರೂ ಹೇಳಲಿಲ್ಲ. ಹೊಟ್ಟೆ ತುಂಬ ಉಂಡು, ಎಲೆ ಅಡಿಕೆ ಹಾಕಿಕೊಂಡು, ವರದಕ್ಷಿಣೆಯ ಮಾತಿಗೆ ಕೂತರು. ಮಾತು ಅರ್ಧಕ್ಕೆ ನಿಂತಿತು. ಮೊದಲು ಹುಡುಗಿಯ ಸೋದರಮಾವ ತಂಬಿಗೆ ಹಿಡಿದು ಹೊಲದ ಕಡೆ ಓಡಿದ, ಅವನ ಹಿಂದೆ ಹುಡುಗಿಯ ಅಪ್ಪ, ಅವನ ಹಿಂದೆ ಗೌಡರೇ ಓಡಿದರಂತೆ. ಊರಿನಲ್ಲಿದ್ದ ತಂಬಿಗೆಗಳು ಸಾಲಲಿಲ್ಲವಂತೆ.

ಮರುದಿನ ಗೌಡರು ಗೋಡೆ ಹಿಡಿದುಕೊಂಡು ಗಾಣದ ಮನೆಗೆ ಬಂದರು. ನಗುವವರು ನಗಲಿ, ಸಾತವ್ವ ಓಡಿಹೋಗಿ ಅವರಿಗೆ ಕಂಬಳಿ ಹಾಸಿದಳು. ಗೌಡರು ಕೂಗಾಡಲಿಲ್ಲ.

"ಬೀಗರು ದೊಡ್ಡ ಮನಸಿನವರು, ಸಂಬಂಧ ಉಳೀತು. ಮದುವಿಗೆ ಹತ್ತು ಕೊಡ ಚಲೋ ಎಣ್ಣಿ ನಿನ್ನ ಗಾಣದಿಂದನ ಬರಬೇಕು, ತಪ್ಪಿಗೆ ಅದ ದಂಡ," ಅಂದರು. "ಅಮಾಸಿ ಒಳಗ ಬರಲಿಲ್ಲಂದ್ರ, ನಿನ್ನ ಎತ್ತು ನಮ್ಮ ಕೊಟ್ಟಿಗ್ಯಾಗ ಇರತೈತಿ."

ಅಮಾವಾಸ್ಯೆಗೆ ಇನ್ನು ಹದಿನೈದು ದಿನವೂ ಇರಲಿಲ್ಲ. ಹಂಡ ಹೋದರೆ ಗಾಣ ನಿಂತಿತು, ಗಾಣ ನಿಂತರೆ ಒಲೆ ಆರಿತು. ಅದೆಲ್ಲ ಆಮೇಲಿನ ಮಾತು. ಹಂಡ ಬೇರೆಯವರ ಗೂಟಕ್ಕೆ ಕಟ್ಟಿಸಿಕೊಂಡು ನಿಲ್ಲುತ್ತದಲ್ಲ, ಅದನ್ನು ನೆನೆದೇ ಸಾತವ್ವ ಅತ್ತಳಂತೆ. ಗಂಡ ಸಮಾಧಾನ ಹೇಳಿದ. ಏನಂತ? ಇವತ್ತು ರಾತ್ರಿ ಲಕ್ಷ್ಮಿ ಬಂದೇ ಬರುತ್ತಾಳೆ, ಇನ್ನೊಂದು ದೀಪ ಹೆಚ್ಚಿಗೆ ಹಚ್ಚೋಣ ಅಂತ.

ಅವತ್ತು ಸಂಜೆ ದೀಪ ಹಚ್ಚುವ ಹೊತ್ತಿಗೆ ಒಬ್ಬ ಮುದುಕಿ ಬಂದಳಂತೆ. ತಲೆಯ ಮೇಲೆ ಕೌದಿಗಳ ಹೊರೆ. ಹಳೆ ಸೀರೆಯ ತುಂಡು ಸೇರಿಸಿ ಕೌದಿ ಹೊಲಿದು ಊರೂರು ಮಾರುವವಳು, ರಾತ್ರಿ ಕಳೆಯಲು ಒಂದು ಮೂಲೆ ಕೊಡು ಅಂದಳು. ಸಾತವ್ವ ರೊಟ್ಟಿ ಕೊಟ್ಟು, ಒಳಗಿನ ಮೂಲೆ ಗುಡಿಸಿಕೊಟ್ಟಳು. ಮುದುಕಿ ಮಲಗಿದಳು. ಪಗಡೆಯವರು ಬಂದರು, ಗದ್ದಲ ಎದ್ದಿತು, ದೀಪ ಕಣ್ಣಿಗೆ ಚುಚ್ಚಿತು. ಮುದುಕಿ ಆ ಮಗ್ಗುಲಾದಳು, ಈ ಮಗ್ಗುಲಾದಳು, ಕಡೆಗೆ ಎದ್ದು ಒಲೆಯ ಹತ್ತಿರ ಸಾತವ್ವನ ಪಕ್ಕ ಬಂದು ಕೂತಳು.

"ನಿನ್ನ ಗಂಡ ಯಾರ ದಾರಿ ಕಾಯಾಕತ್ತಾನ, ಮಗಳ?"

ಲಕ್ಷ್ಮಿಯದು ಅಂತ ಸಾತವ್ವ ಹೇಳಿ, ನಡೆದುದನ್ನೆಲ್ಲ ಹೇಳಿಕೊಂಡಳು. ಮುದುಕಿ ಬೊಚ್ಚುಬಾಯಿ ತೆರೆದು ನಕ್ಕಳಂತೆ.

"ರಾತ್ರಿ ಆಕಿ ಕೇಳೋದು ವರುಷಕ್ಕೊಮ್ಮೆ. ಹಗಲಿಗೆ ದಿನಾಲೂ ಕೇಳತಾಳ. ಗಾಣದ ಕಡೆ ನಿಂತು ಕೇಳತಾಳ, ಎಣ್ಣಿ ಅಳಿಯುವಾಗ ಕೇಳತಾಳ, ಕೊಡಕ್ಕ ದಾರ ಕಟ್ಟುವಾಗ ಕೇಳತಾಳ. ಆವಾಗ ನಿಮ್ಮ ಮನ್ಯಾಗ ಯಾರರ ಓ ಅಂತೀರೇನು?"

ಮುದುಕಿ ಕೋಳಿ ಕೂಗುವ ಮೊದಲೇ ಹೊರೆ ಎತ್ತಿಕೊಂಡು ಹೊರಟಳು. ಹೋಗುವಾಗ ಒಂದು ಕೌದಿಯನ್ನು ಮೂಲೆಯಲ್ಲಿ ಮಡಚಿಟ್ಟಳು. ಹಿಂದಿನಿಂದ ನನ್ನ ತಂಗಿ ಬರುವವಳಿದ್ದಾಳೆ, ನಾನು ಕಣ್ಣು ಮುಚ್ಚಿದ ಮನೆಯಲ್ಲಿ ಮಾತ್ರ ಅವಳು ಕಾಲು ಚಾಚುತ್ತಾಳೆ, ನಿಮ್ಮ ಮನೆಯಲ್ಲಿ ನನಗೇ ಕಣ್ಣು ಮುಚ್ಚಲಾಗಲಿಲ್ಲ, ಮುಂದೆಂದಾದರೂ ಬಂದರೆ ಇದನ್ನು ಹಾಸಿಕೊಡು ಅಂದಳಂತೆ.

ಸಾತವ್ವನಿಗೆ ಮಾತು ನಾಟಿತು. ಆದರೆ ಗಂಡನಿಗೆ ನಾಟಿಸುವುದು ಹೇಗೆ? ದಾಸಯ್ಯನ ಮಾತು ನಂಬಿದವನು ಹೆಂಡತಿಯ ಮಾತು ನಂಬುತ್ತಾನೆಯೇ? ಅವಳು ಮಧ್ಯಾಹ್ನದವರೆಗೆ ಕಾದಳು. ಮಲಕಾಜಪ್ಪ ಗಾಣದ ಹಲಗೆಯ ಮೇಲೆ ಬಾಯಿ ತೆರೆದು ಗೊರಕೆಗೆ ಬಿದ್ದ. ಸಾತವ್ವ ಮದುವೆಯ ಇಳಕಲ್ ಸೀರೆ ಉಟ್ಟಳು, ಹಸಿರು ಬಳೆ ಇಟ್ಟಳು, ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಅರಿಸಿನದ ನೀರಿನಲ್ಲಿ ಪಾದ ಅದ್ದಿದಳು. ಬೀದಿಯ ಬಾಗಿಲಿನಿಂದ ಘಲ್ ಘಲ್ ಅಂತ ನಡೆದು ಬಂದು, ಗಾಣದ ಮುಂದೆ ನಿಂತು, ದನಿ ಸಣ್ಣ ಮಾಡಿ ಕೇಳಿದಳು: "ಯಾರು ಎಚ್ಚರ ಅದೀರಿ?"

ಗಾಣಿಗ ಗೊರಕೆ ಹೊಡೆದ. ಎರಡನೆಯ ಸಲ ಕೇಳಿದಳು, ಮಗ್ಗುಲು ಬದಲಿಸಿದ. ಮೂರನೆಯ ಸಲ ಕೇಳಿದಾಗ ಹಂಡ ಒಂದೇ ತಲೆಯೆತ್ತಿ ಅಂಬಾ ಅಂದಿತಂತೆ. ಸಾತವ್ವ ಬಂದ ಹಾಗೆಯೇ ಹೆಜ್ಜೆ ಮೂಡಿಸುತ್ತ ಹೊರಗೆ ಹೋದಳು. ಸೀರೆ ಬದಲಿಸಿ, ಕಾಲು ತೊಳೆದು ಬಂದು ಗಂಡನನ್ನು ಅಲುಗಿಸಿದಳು.

ಬಾಗಿಲಿನಿಂದ ಗಾಣದವರೆಗೆ ಬಂದ ಅರಿಸಿನದ ಹೆಜ್ಜೆ. ಗಾಣದಿಂದ ಬಾಗಿಲಿಗೆ ತಿರುಗಿ ಹೋದ ಅರಿಸಿನದ ಹೆಜ್ಜೆ. ನೋಡಿದ ಮಲಕಾಜಪ್ಪ ನೆಲಕ್ಕೆ ಕುಸಿದ.

"ಮೂರು ಸಲ ಕೇಳಿದಳ್ರೀ, ಒಳಗ ನನಗ ಕೇಳಿಸ್ತು," ಅಂದಳು ಸಾತವ್ವ. "ಓ ಅಂದದ್ದು ಎತ್ತು ಒಂದ."

ಪಾಪ, ಮಲಕಾಜಪ್ಪ ಮಗುವಿನ ಹಾಗೆ ಅತ್ತನಂತೆ. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಹಾಗಾದರೆ ಇನ್ನು ಮೇಲೆ ರಾತ್ರಿಯೂ ಎಚ್ಚರ ಇರುತ್ತೇನೆ, ಹಗಲೂ ಎಚ್ಚರ ಇರುತ್ತೇನೆ ಅಂದ. ಸಾತವ್ವ ಹಣೆ ಹಣೆ ಬಡಿದುಕೊಂಡಳು.

"ನೀವು ಗಾಣಿಗರು, ನಿಮಗ ನಾ ಹೇಳಬೇಕೇನು? ಪಣತಿಯಾಗ ಇರೋ ಎಣ್ಣಿ ಒಂದ ರಾತ್ರಿದು. ಬೆಳತನಕ ಉರಿದ ಪಣತಿ ಹಗಲಿಗೆ ಎಲ್ಲಿಂದ ಉರದೀತು? ಆರಿಸಿ ಇಡ್ರಿ, ಎಣ್ಣಿ ಹಾಕ್ರಿ, ಆಮ್ಯಾಲೆ ಹಚ್ಚರಿ."

ಎಣ್ಣೆಯ ಮಾತು ಗಾಣಿಗನಿಗೆ ತಿಳಿಯಿತು. ಅವತ್ತು ಸಂಜೆ ಪಗಡೆಯವರು ಬಂದಾಗ ಸಾತವ್ವ ಬಾಗಿಲಿನಲ್ಲೇ ನಿಂತು, ಬರ್ರಿ ಬರ್ರಿ, ಇವತ್ತಿನಿಂದ ದೀಪದ ಎಣ್ಣೆ ಒಬ್ಬೊಬ್ಬರು ಒಂದೊಂದು ದಿನ ತರಬೇಕು ಅಂತ ನಗುತ್ತಲೇ ಹೇಳಿದಳು. ತರುತ್ತೇವೆ ಅಂದು ಹೋದವರು ಮತ್ತೆ ಆ ಕಡೆ ತಲೆ ಹಾಕಲಿಲ್ಲವಂತೆ. ಪಗಡೆಯ ಹಾಸು ಅಟ್ಟ ಸೇರಿತು.

ನಿದ್ದೆ ಅನ್ನುವುದು ಮುನಿಸಿಕೊಂಡ ನೆಂಟರ ಹಾಗೆ, ಬಿಟ್ಟವರು ಕರೆದ ಕೂಡಲೆ ಬರುವುದಿಲ್ಲ. ಮೊದಲ ರಾತ್ರಿ ಮಲಕಾಜಪ್ಪ ತೊಲೆ ಜಂತೆ ಎಣಿಸುತ್ತ ಬಿದ್ದುಕೊಂಡಿದ್ದ. ಸಾತವ್ವ ಬೈಯಲಿಲ್ಲ. ಹೊತ್ತು ಮುಳುಗುವಾಗ ಉಣ್ಣಲು ಇಟ್ಟಳು. ಉಂಡ ಮೇಲೆ ಹಂಡನಿಗೆ ಮೇವು ನೀರು ಹಾಕಿಬರಲು ಕಳಿಸಿದಳು. ಬಿಸಿನೀರಿನಲ್ಲಿ ಕಾಲು ತೊಳೆಸಿ, ಅಂಗಾಲಿಗೆ ಎಣ್ಣೆ ತಿಕ್ಕಿ, ದೀಪ ಆರಿಸಿದಳು. ಇವತ್ತು ಯಾವ ಹೊತ್ತಿಗೋ ನಾಳೆಯೂ ಅದೇ ಹೊತ್ತಿಗೆ, ನಾಡಿದ್ದೂ ಅದೇ ಹೊತ್ತಿಗೆ. ಹಗಲು ಕಣ್ಣು ಎಳೆದರೆ ತಣ್ಣೀರು ಚಿಮುಕಿಸಿದಳು. ಕೆಲವು ದಿನ ಕಳೆಯುವುದರೊಳಗೆ ಮುನಿಸು ಇಳಿಯಿತು, ನಿದ್ದೆ ತಾನಾಗಿಯೇ ಬಂದು ಮಗ್ಗುಲಲ್ಲಿ ಮಲಗಿತು.

ಕೋಳಿ ಕೂಗುವ ಹೊತ್ತಿಗೆ ಮಲಕಾಜಪ್ಪ ಎದ್ದು ಕೂತ. ಹಂಡನೂ ಎದ್ದು ನಿಂತಿತು. ಗಾಣ ತಿರುಗಿತು, ನೋಡಿ. ಒಂದು ಕಾಳು ಚೆಲ್ಲಲಿಲ್ಲ, ಹಿಂಡಿಯಲ್ಲಿ ಎಣ್ಣೆ ಉಳಿಯಲಿಲ್ಲ, ಕರಿ ದಾರ ಕಟ್ಟುವುದು ಮರೆಯಲಿಲ್ಲ. ಕೊಳ್ಳುವವರು ಬಂದು "ಯಾರು ಅದೀರಿ ಒಳಗ?" ಅಂದರೆ ಲಕ್ಷ್ಮಿಯೇ ಕೇಳಿದಳೋ ಅನ್ನುವ ಹಾಗೆ "ಓ" ಅಂತ ಎದ್ದು ಬರುತ್ತಿದ್ದ. ಅಮಾವಾಸ್ಯೆಯ ಹಿಂದಿನ ದಿನ ಹತ್ತು ಕೊಡ ಎಣ್ಣೆ ಗೌಡರ ಮನೆ ಸೇರಿತು. ಗೌಡರು ಪ್ರತಿ ಕೊಡವನ್ನೂ ಮೂಸಿ ನೋಡಿ ಒಳಗೆ ಇಳಿಸಿಕೊಂಡರಂತೆ. ಸಾತವ್ವ ಮನೆಗೆ ಬಂದು ಹಂಡನ ಕೊರಳು ತಬ್ಬಿಕೊಂಡು ನಿಂತಳು, ಬಹಳ ಹೊತ್ತು ಬಿಡಲಿಲ್ಲ.

ಉರಿದುಹೋಗುತ್ತಿದ್ದ ಎಣ್ಣೆ ಕೊಡದಲ್ಲಿ ಉಳಿಯಿತು. ನೆರೆಯವರ ಬಾಯಿಗೆ ಹೋಗುತ್ತಿದ್ದ ಶೇಂಗಾ ಗಾಣಕ್ಕೆ ಬಿತ್ತು. ಅಳತೆ ಸರಿಯಾಯಿತು, ಹೋದ ಗಿರಾಕಿ ತಿರುಗಿ ಬಂದರು. ಜೋಳದ ಗಡಿಗೆಯ ತಳ ಮತ್ತೆ ಕಾಣಲಿಲ್ಲ.

ಮಳೆ ಬಂತು, ಬೆಳೆ ಬಂತು, ಮತ್ತೆ ಶೀಗೆ ಹುಣ್ಣಿಮೆ ಬಂತು. ಊರೆಲ್ಲ ದೀಪ ಹಚ್ಚಿ ಎಚ್ಚರ ಕೂತಿತು. ಗಾಣಿಗನ ಮನೆ ಒಂದರಲ್ಲೇ ಕತ್ತಲು. ಮಲಕಾಜಪ್ಪ ಸಣ್ಣಗೆ ಗೊರಕೆ ಹೊಡೆಯುತ್ತಿದ್ದ. ನಡುರಾತ್ರಿಯಲ್ಲಿ ಸಾತವ್ವನಿಗೆ ಅರೆನಿದ್ದೆ. ಬೀದಿಯಲ್ಲಿ ಘಲ್ ಘಲ್ ಅಂದ ಹಾಗಾಯಿತು. ಬಾಗಿಲಲ್ಲಿ ಯಾರೋ ದಣಿದ ದನಿಯಲ್ಲಿ ಕೇಳಿದರು: "ಯಾರು ಎಚ್ಚರ ಅದೀರಿ?"

ಏಳಬೇಕೆಂದುಕೊಂಡಳು. ಆದರೆ ನಾಳೆ ಎಳ್ಳು ಹಾಕುವುದಿತ್ತು, ಕೋಳಿ ಕೂಗುವ ಹೊತ್ತಿಗೆ ಏಳಬೇಕಿತ್ತು. ಕದಕ್ಕೆ ಅಗಳಿ ಹಾಕಿಲ್ಲ ತಾಯಿ, ಬಾ, ಅಂತ ಮನಸ್ಸಿನಲ್ಲೇ ಅಂದುಕೊಂಡು ಹೊದಿಕೆ ಎಳೆದುಕೊಂಡಳಂತೆ.

ಬೆಳಗ್ಗೆ ಕಸ ಗುಡಿಸಲು ಎದ್ದವಳು ಹೊಸಿಲಿನಲ್ಲೇ ನಿಂತುಬಿಟ್ಟಳು. ಒಳಗೆ ಬಂದ ಅರಿಸಿನದ ಹೆಜ್ಜೆ. ಪಕ್ಕದಲ್ಲಿ ತನ್ನ ಪಾದ ಇಟ್ಟು ನೋಡಿದಳು, ತನ್ನದಕ್ಕಿಂತ ಸಣ್ಣ ಪಾದ. ಹೆಜ್ಜೆ ಹಿಡಿದು ಹೋದಳು. ಅವು ಪಡಸಾಲೆ ದಾಟಿ, ಗಾಣ ದಾಟಿ, ಒಳಗಿನ ಮೂಲೆಗೆ ಹೋಗಿದ್ದವು. ಅಲ್ಲಿ ಮಡಚಿಟ್ಟಿದ್ದ ಮುದುಕಿಯ ಕೌದಿ ಬಿಚ್ಚಿ ಹಾಸಿತ್ತು. ಮುಟ್ಟಿದಳು, ಇನ್ನೂ ಬೆಚ್ಚಗಿತ್ತು. ಮುದುಕಿ ಹೇಳಿದ ತಂಗಿ ಯಾರು ಅಂತ ಆಗ ಹೊಳೆಯಿತು. ಊರೆಲ್ಲ ಸುತ್ತಿ ಕಾಲು ಸೋತವಳಿಗೂ ಒರಗಲು ಒಂದು ಕತ್ತಲ ಮೂಲೆ ಬೇಕಲ್ಲ.

ಹೊರಗೆ ಹೋದ ಹೆಜ್ಜೆ ಎಲ್ಲಾದರೂ ಇದೆಯೇ ಅಂತ ಸಾತವ್ವ ಅಂಗಳವೆಲ್ಲ ಹುಡುಕಿದಳು. ಒಂದೂ ಇರಲಿಲ್ಲವಂತೆ.

ಅವರು ಅಲ್ಲಿ ಕಾಲು ಚಾಚಿ ಮಲಗಿದರು, ನಾವು ಇಲ್ಲಿ ಆಕಳಿಸುತ್ತ ಕೂತೆವು. ಕತೆ ಮುಗಿಯಿತು, ಉರಿಯುತ್ತಿರುವ ಎಣ್ಣೆ ನಿಮ್ಮ ಮನೆಯದು. ಏಳಿ, ದೀಪ ಆರಿಸಿ.