ಒಂಬತ್ತು ಪಾಯಿಂಟ್ ಎಂಟು

“ಸರ್, ಇದರಲ್ಲಿ ಒಂದು ಗಂಟೆಯಾದರೂ ದಂಡವಾಗ್ತಿದೆಯಾ, ನೋಡಿ ಹೇಳ್ತೀರಾ?”

ಹೀಗೆ ಕೇಳಿ ತನುಜಾ ನಾಲ್ಕು ಹಾಳೆಗಳನ್ನು ರುದ್ರಮುನಿಯವರ ಮುಂದಿಟ್ಟಳು. ಅವಳ ಪಿಯುಸಿ ಮುಗಿದಿತ್ತು. ಇನ್ನು ಹತ್ತು ದಿನಕ್ಕೆ ಬಿ.ಎಸ್ಸಿ. ಸೇರಬೇಕು. ಮೊದಲ ಸೆಮಿಸ್ಟರಿನಿಂದ ಹಿಡಿದು ಎಂ.ಎಸ್ಸಿ. ಪ್ರವೇಶ ಪರೀಕ್ಷೆಯವರೆಗೆ ಯಾವ ತಿಂಗಳು ಯಾವ ಪಾಠ, ಯಾವ ದಿನ ಎಷ್ಟು ಗಂಟೆ ಎಂದು ಗೆರೆ ಎಳೆದು ಬರೆದಿದ್ದಳು. ಖಾಲಿ ಬಿಟ್ಟದ್ದು ಒಂದೇ ಜಾಗ. ಮುಖ್ಯ ವಿಷಯ ಕೆಮಿಸ್ಟ್ರಿಯೋ ಬಯೋಕೆಮಿಸ್ಟ್ರಿಯೋ ಎಂಬುದನ್ನು ಇವರೇ ಹೇಳಲಿ ಎಂದು ಬಂದಿದ್ದಳು. ರುದ್ರಮುನಿಯವರು ಮೂವತ್ತು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ಪಿಯುಸಿಯ ಎರಡೂ ವರ್ಷ ಅವಳಿಗೆ ಮನೆಯಲ್ಲಿ ಪಾಠ ಹೇಳಿದವರು. ಅವರು ಹಾಕಿದ ಗೆರೆಯನ್ನು ಅವಳು ದಾಟುತ್ತಿರಲಿಲ್ಲ.

“ಯಾವುದಾದರೂ ತಗೊಳ್ಳಮ್ಮ. ಎರಡರಲ್ಲೂ ಬ್ಯೂರೆಟ್ ಒಂದೇ” ಎಂದು ಅವರು ಹಾಳೆ ತಿರುವಿದರು. ಒಂದು ಕಡೆ ಬೆರಳಿಟ್ಟರು. “ಪ್ರಾಕ್ಟಿಕಲ್‌ಗೆ ನಾಲ್ಕು ಗಂಟೆ ಇರುತ್ತೆ. ನೀನು ಎರಡೇ ಬರೆದಿದ್ದೀಯಲ್ಲ?”

“ಎರಡರಲ್ಲೇ ಮುಗಿಯುತ್ತೆ ಅಂತ ಸೀನಿಯರ್ಸ್ ಹೇಳಿದ್ರು ಸರ್. ಮಿಕ್ಕಿದ್ದರಲ್ಲಿ ಎಂಟ್ರೆನ್ಸ್‌ಗೆ ಓದ್ಕೋಬಹುದು.”

ಅವರು ನಕ್ಕರು. ಆ ನಗೆ ತನುಜಾಗೆ ಹಿಡಿಸಲಿಲ್ಲ. ಇಷ್ಟು ಕಷ್ಟಪಟ್ಟು ಬರೆದದ್ದಕ್ಕೆ ಒಂದು ಶಹಬ್ಬಾಸ್ ಆದರೂ ಸಿಗುತ್ತದೆ ಎಂದುಕೊಂಡಿದ್ದಳು. ಅವರು ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡು ಒಂದು ಕತೆ ಹೇಳಿದರು.

ಒಬ್ಬ ವಿದ್ಯಾರ್ಥಿ ಇದ್ದ. ಅವನಿಗೊಬ್ಬಳು ತಂಗಿ. ಇಬ್ಬರನ್ನೂ ಓದಿಸುವಷ್ಟು ಅನುಕೂಲ ಮನೆಯಲ್ಲಿರಲಿಲ್ಲ. ತಂಗಿ ಏಳನೇ ತರಗತಿಗೇ ಶಾಲೆ ಬಿಟ್ಟಳು, ಅಣ್ಣ ಓದಿದ. ಅವಳು ಬಿಟ್ಟದ್ದಕ್ಕೆ ತಾನು ಓದುತ್ತಿದ್ದೇನೆ ಎಂಬುದನ್ನು ಅವನು ಮರೆಯಲಿಲ್ಲ. ಒಂದು ಗಳಿಗೆಯನ್ನೂ ಹಾಳು ಮಾಡಬಾರದೆಂದು ಡಿಗ್ರಿಗೆ ಸೇರುವ ಮೊದಲೇ ಐದು ವರ್ಷದ ಯೋಜನೆ ಬರೆದು ಗೋಡೆಗೆ ಅಂಟಿಸಿದ. ಮೂರು ವರ್ಷ ಡಿಗ್ರಿ, ಎರಡು ವರ್ಷ ಎಂ.ಎಸ್ಸಿ., ಆಮೇಲೆ ಜಿಲ್ಲೆಯ ನೀರು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಕೆಲಸ. ಅವನು ಸೋಮಾರಿಯಲ್ಲ, ಕಳ್ಳನೂ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಕತೆ ತೀರಾ ಸುಲಭವಾಗಿಬಿಡುತ್ತದೆ.

ಮೊದಲ ಪ್ರಾಕ್ಟಿಕಲ್ ಟೈಟ್ರೇಷನ್. ಫ್ಲಾಸ್ಕಿನಲ್ಲಿರುವ ಆಮ್ಲಕ್ಕೆ ಬ್ಯೂರೆಟ್ ಎಂಬ ಅಳತೆಗೆರೆಯ ಗಾಜಿನ ಕೊಳವೆಯಿಂದ ಕ್ಷಾರವನ್ನು ತೊಟ್ಟು ತೊಟ್ಟಾಗಿ ಬಿಡಬೇಕು. ಬಣ್ಣ ತಿರುಗಿದ ತಕ್ಷಣ ನಿಲ್ಲಿಸಿ ಎಷ್ಟು ಮಿಲಿಲೀಟರ್ ಇಳಿದಿದೆ ಎಂದು ನೋಡಬೇಕು. ಎರಡು ಸಲ ಒಂದೇ ಅಂಕಿ ಬಂದರೆ ಅದನ್ನು ನಂಬಬಹುದು. ಬರದಿದ್ದರೆ ಬರುವ ತನಕ ಮಾಡಬೇಕು. ಅವನಿಗೆ ಮೊದಲು ೯.೩ ಬಂತು. ಆಮೇಲೆ ೧೦.೧. ಆಮೇಲೆ ೯.೬. ಬ್ಯೂರೆಟ್ಟಿನ ತಿರುಪು ಸೋರುತ್ತಿತ್ತು. ನಾಲ್ಕನೆಯ ಸಲ ತುಂಬಿಸುತ್ತಿದ್ದಾಗ ಸೀನಿಯರ್ ಒಬ್ಬ ಬಂದು, “ಏನೋ, ಸಂಜೆವರೆಗೂ ಇಲ್ಲೇ ಠಿಕಾಣಿನಾ? ಇದಕ್ಕೆ ಪ್ರತಿ ವರ್ಷ ೯.೮. ಮೊದಲನೇದು ೯.೯ ಅಂತ ಬರಿ, ಆಮೇಲಿನ ಎರಡೂ ೯.೮ ಅಂತ ಬರಿ. ಆಗ ನಿಜ ಅನ್ಸುತ್ತೆ” ಎಂದ.

ಅವನು ಗೋಡೆಯ ಮೇಲಿನ ಹಾಳೆಯನ್ನು ನೆನೆದ. ಬರೆದ. ಅಧ್ಯಾಪಕ ಪುಟ ತಿರುವಿ ಕೆಂಪು ಶಾಯಿಯಲ್ಲಿ ಸಹಿ ಹಾಕಿದ. ಅಂದು ಮೇಜಿನ ಮೇಲೆ ಮೂವತ್ತೆರಡು ರೆಕಾರ್ಡ್ ಪುಸ್ತಕಗಳು. ಮೂವತ್ತೆರಡರಲ್ಲೂ ೯.೮. ಸೋರುವ ಬ್ಯೂರೆಟ್ಟುಗಳಿಂದ ಅಷ್ಟು ಜನಕ್ಕೆ ಒಂದೇ ಅಂಕಿ ಬರಿಸುವುದು ಬ್ರಹ್ಮನಿಂದಲೂ ಆಗದ ಕೆಲಸ. ಆದರೂ ಮೂವತ್ತೆರಡು ಸಹಿಗಳು ಬಿದ್ದವು.

ಉಳಿದ ಎರಡು ಗಂಟೆಯಲ್ಲಿ ಅವನು ಒಂದು ಅಧ್ಯಾಯ ಓದಿ ಮುಗಿಸಿದ. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಯಿತು. ಮುಂದಿನ ವಾರವೂ ಹಾಗೆಯೇ ಮಾಡಿದ, ಅದರ ಮುಂದಿನ ವಾರವೂ. ಅವನ ಯೋಜನೆಯಲ್ಲಿ ಎಲ್ಲಕ್ಕೂ ಜಾಗವಿತ್ತು. ಕೆಟ್ಟುಹೋದ ಪ್ರಯೋಗವನ್ನು ಮತ್ತೊಮ್ಮೆ ಮಾಡುವುದಕ್ಕೆ ಮಾತ್ರ ಇರಲಿಲ್ಲ. ಆರು ಸೆಮಿಸ್ಟರಿನಲ್ಲಿ ತನ್ನ ಕಣ್ಣಿಗೆ ಕಂಡ ಅಂಕಿಯನ್ನು ಅವನು ಒಂದು ಸಲವೂ ಬರೆಯಲಿಲ್ಲ. ವಿಶ್ವವಿದ್ಯಾಲಯ ಅವನಿಗೆ ಚಿನ್ನದ ಪದಕ ಕೊಟ್ಟಿತು.

ಎಂ.ಎಸ್ಸಿ. ಮುಗಿಯಿತು. ಯೋಜನೆಯಲ್ಲಿ ಬರೆದುಕೊಂಡ ವರ್ಷಕ್ಕೇ ನೀರು ಪರೀಕ್ಷೆಯ ಕೆಲಸ ಸಿಕ್ಕಿತು. ತಂಗಿಯನ್ನು ಊರಲ್ಲೇ ಮದುವೆ ಮಾಡಿ ಕೊಟ್ಟಿದ್ದರು. ಅಣ್ಣನಿಗೆ ಕೆಲಸವಾಯಿತೆಂದು ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ‘ನೀರೊಳಗೆ ಏನೈತೆ ಅಂತ ನಮ್ಮಣ್ಣ ನೋಡಿ ಹೇಳ್ತಾನೆ’ ಎಂದು ಕೇರಿಗೆಲ್ಲ ಹೇಳಿಕೊಂಡು ಬಂದಳು.

ಅದು ಫ್ಲೋರೈಡ್ ಇರುವ ಸೀಮೆ. ಆ ವಿಷ ಮಿತಿಮೀರಿದ ನೀರು ಕುಡಿದರೆ ಮೊದಲು ಹಲ್ಲಿಗೆ ಕಂದು ಕಲೆ ಬೀಳುತ್ತದೆ, ಆಮೇಲೆ ಮೂಳೆ ಬಾಗುತ್ತದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ನೀರನ್ನು ಕುಡಿಯಬಾರದು. ಒಂದು ದಿನ ಅವನ ಮೇಜಿಗೆ ಅವನ ಊರಿನದೇ ಬಾಟಲಿ ಬಂತು. ತಂಗಿಯ ಕೇರಿಯಲ್ಲಿ ಹೊಸದಾಗಿ ಕೊರೆದ ಬೋರ್‌ವೆಲ್ಲಿನ ನೀರು. ಯಂತ್ರ ೪.೩ ತೋರಿಸಿತು. ಪಕ್ಕದ ಊರಿನ ಬೋರ್‌ವೆಲ್ಲಿಗೆ ರಿಜಿಸ್ಟರಿನಲ್ಲಿ ೧.೧ ಇತ್ತು. ಇಷ್ಟು ಹತ್ತಿರದಲ್ಲಿ ಅಷ್ಟು ವ್ಯತ್ಯಾಸ ಬರಲಾರದು, ಯಂತ್ರವೇ ಕೆಟ್ಟಿರಬೇಕು ಎಂದುಕೊಂಡ. ಕೆಟ್ಟಿದೆಯೋ ಇಲ್ಲವೋ ನೋಡಲು ಅದನ್ನು ತೊಳೆದು, ಅಂಕಿ ಗೊತ್ತಿರುವ ದ್ರಾವಣದೊಂದಿಗೆ ತಾಳೆ ನೋಡಿ ಸರಿಮಾಡಿ, ಮತ್ತೆ ಪರೀಕ್ಷಿಸಬೇಕು. ಎರಡು ಗಂಟೆಯ ಕೆಲಸ. ಅಂದು ಇನ್ನೂ ನಲವತ್ತು ಬಾಟಲಿಗಳು ಕಾಯುತ್ತಿದ್ದವು. ೧.೧ ಎಂದೇ ಬರೆದರೆ ನಕಲು ಅನ್ನಿಸೀತೆಂದು ಅವನು ೧.೨ ಎಂದು ಬರೆದ. ಕೆಳಗೆ ‘ಕುಡಿಯಲು ಯೋಗ್ಯ’ ಎಂದು ಮುದ್ರೆ ಒತ್ತಿದ. ತಾನು ಸುಳ್ಳು ಬರೆದೆ ಎಂದು ಅವನಿಗೆ ಅನ್ನಿಸಲೇ ಇಲ್ಲ. ತಪ್ಪೊಂದನ್ನು ತಿದ್ದಿದೆ ಎಂದುಕೊಂಡ.

ಮರುವರ್ಷ ಅವನಿಗೆ ದೂರದ ಜಿಲ್ಲೆಗೆ ವರ್ಗವಾಯಿತು. ಆ ಜಾಗಕ್ಕೆ ಬಂದವನು ರಿಜಿಸ್ಟರಿನಲ್ಲಿ ೧.೨ ಇರುವುದನ್ನು ನೋಡಿ ೧.೩ ಎಂದು ಬರೆದ. ಅವನೂ ಡಿಗ್ರಿ ಓದಿದವನೇ.

ಆರು ವರ್ಷ ಕಳೆದ ಮೇಲೆ ತಂಗಿ ಹೇಳಿಕಳಿಸಿದಳೆಂದು ಅವನು ಊರಿಗೆ ಬಂದ. ಅವಳಿಗೆ ಏಳು ವರ್ಷದ ಮಗಳಿದ್ದಳು. ಮಗು ಗೋಡೆ ಹಿಡಿದುಕೊಂಡು ಹೊರಗೆ ಬಂತು. ಮಂಡಿಗಳು ಒಂದಕ್ಕೊಂದು ತಾಗುತ್ತಿದ್ದವು, ಪಾದಗಳು ಅಗಲವಾಗಿ ಸರಿದಿದ್ದವು. ಮಾವನನ್ನು ನೋಡಿ ನಕ್ಕಾಗ ಹಲ್ಲಿನ ಮೇಲೆ ಕಂದು ಕಲೆ ಕಂಡಿತು. ಅವನು ಓದಿದವನು. ಅಷ್ಟರಲ್ಲೇ ಎಲ್ಲ ಅರ್ಥವಾಯಿತು. ಆದರೂ ಬಾಯಿ ಬಿಟ್ಟು ಕೇಳಿದ: “ಇವಳಿಗೆ ಯಾವ ನೀರು ಕುಡಿಸ್ತಿದ್ದೀಯ?”

“ನಮ್ ಕೇರಿ ಬೋರಿನ ನೀರೇ ಕಣಣ್ಣ. ಬಾಯಿಗೆ ಹಿಡಿಸಲ್ಲ ಅಂತ ಮಿಕ್ಕೋರೆಲ್ಲ ಊರಾಚೆ ಬಾವಿಗೆ ಹೋಯ್ತಾರೆ. ನಾನೊಬ್ಳೇ ಇದನ್ನ ಬಿಡಲಿಲ್ಲ. ನಮ್ಮಣ್ಣನೇ ನೋಡಿ ಸರಿಯಾಗೈತೆ ಅಂತ ಬರೆದವ್ನೆ, ಇನ್ನೇನು ಭಯ ಅಂತ ಇವಳಿಗೆ ಅದನ್ನೇ ಕುಡಿಸ್ದೆ.”

ವೇದ ಸುಳ್ಳಾದರೂ ಗಾದೆ ಸುಳ್ಳಾಗದಂತೆ. ‘ಮಾಡಿದ್ದುಣ್ಣೋ ಮಹರಾಯ’ ಎಂಬ ಗಾದೆ ಆ ಮನೆಯಲ್ಲಿ ಸುಳ್ಳಾಯಿತು. ಮಾಡಿದವನು ಒಬ್ಬ, ಉಣ್ಣುತ್ತಿರುವುದು ಮಗು. ಅವನು ಬೋರ್‌ವೆಲ್ ಮುಚ್ಚಿಸಿದ. ಮಗುವನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಹೊತ್ತುಕೊಂಡು ಹೋದ. ಇಷ್ಟು ಬಾಗಿದ ಮೂಳೆ ಔಷಧಿಗೆ ನೆಟ್ಟಗಾಗುವುದಿಲ್ಲ ಎಂದು ಎಲ್ಲ ಕಡೆಯೂ ಹೇಳಿದರು. ತಂಗಿಗೆ ನಿಜ ಹೇಳಲು ಮಾತ್ರ ಅವನಿಂದ ಆಗಲಿಲ್ಲ. ಅವಳು ಇವತ್ತಿಗೂ ನೆಲವನ್ನು ಬೈಯುತ್ತಾಳೆ, ಹಣೆಬರಹವನ್ನು ಬೈಯುತ್ತಾಳೆ. ಅಣ್ಣನನ್ನು ಒಂದು ಮಾತು ಅಂದಿಲ್ಲ.

ರುದ್ರಮುನಿಯವರು ಕತೆ ನಿಲ್ಲಿಸಿದರು. ತನುಜಾಗೆ ಆ ಮಗುವಿನ ನಗೆ ಕಣ್ಣಿಗೆ ಕಟ್ಟಿತು. ತನ್ನ ಹಾಳೆಯಲ್ಲಿದ್ದ ಎರಡು ಗಂಟೆಯನ್ನು ನೆನೆದು ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ ಸಿಟ್ಟು ಬಂತು. ಯಾರ ಮೇಲೆ ಎಂದು ಹುಡುಕಿದಳು. ಆ ವಿದ್ಯಾರ್ಥಿಯ ಮೇಲೆ ಪೂರ್ತಿ ಸಿಟ್ಟಾಗಲು ಅವಳಿಂದ ಆಗಲಿಲ್ಲ. ಅವನು ತನ್ನ ಹಾಗೆಯೇ ಇದ್ದ.

“ಆ ಹುಡುಗನಿಗೆ ಆಗ ಹದಿನೆಂಟು ವರ್ಷ ಸರ್, ಬುದ್ಧಿ ಇರಲಿಲ್ಲ ಬಿಡಿ” ಎಂದಳು. “ಮೂವತ್ತೆರಡು ಪುಸ್ತಕಕ್ಕೂ ಸಹಿ ಹಾಕಿದ್ರಲ್ಲ, ಆ ಲೆಕ್ಚರರ್‌ಗೆ ಏನಾಗಿತ್ತು? ಅವರಿಗೆ ಕಣ್ಣಿರಲಿಲ್ವಾ?”

ರುದ್ರಮುನಿಯವರು ಅವಳ ಹಾಳೆಗಳನ್ನು ಜೋಡಿಸಿ ಅವಳ ಕೈಗೆ ಕೊಟ್ಟರು.

“ನನಗೆ ಕಣ್ಣಿತ್ತಮ್ಮ, ಮನೆಗೆ ಬೇಗ ಹೋಗಬೇಕಿತ್ತು.”